ಮಗಳ ಬಾಯಿಂದ ಹೇಳಿಸಿದ ಮಾತು

ಆ ವರ್ಷ ಆಟಿ ತಿಂಗಳಲ್ಲಿ ನಮ್ಮ ಮನೆಯೊಳಗೆ ಮಾವಿನಹಣ್ಣಿನ ವಾಸನೆ ಬಂತು. ಆಟಿಯೆಂದರೆ ಹೊರಗೆ ಮಳೆ ಹೊಡೆಯುವ, ಒಳಗೆ ಬಟ್ಟೆ ಒಣಗದ ತಿಂಗಳು. ಕಾಪು ಪೇಟೆಯಲ್ಲಿ ಮಾವಿನಹಣ್ಣು ಮುಗಿದು ಎಷ್ಟೋ ದಿನವಾಗಿತ್ತು. ಭರಣಿಯಲ್ಲಿದ್ದ ಉಪ್ಪಿನಕಾಯಿಗೆ ಇಂಥ ಸಿಹಿ ವಾಸನೆ ಇಲ್ಲ. ಒದ್ದೆ ಬಟ್ಟೆ, ತೆಂಗಿನೆಣ್ಣೆ, ಒಣಮೀನು, ಇವುಗಳ ನಡುವೆ ಆ ವಾಸನೆ ಬೇರೆ ಮನೆಯಿಂದ ದಾರಿ ತಪ್ಪಿ ಬಂದ ಹಾಗಿತ್ತು. ಅದು ಮಗಳ ಕೋಣೆಯ ಬಾಗಿಲಲ್ಲಿ ದಟ್ಟವಾಗಿ, ಅಡುಗೆಮನೆಗೆ ಬರುವಾಗ ತೆಳ್ಳಗಾಗುತ್ತಿತ್ತು.

"ಎಂತ ಅದು ವಾಸನೆ?" ಎಂದು ಕೇಳಿದೆ.

"ಚೂಯಿಂಗ್ ಗಮ್ ಅಮ್ಮ."

"ಎಲ್ಲಿ, ಬಾಯಿ ತೆಗಿ ನೋಡುವಾ."

"ನೀನು ಎಂತ, ಪೊಲೀಸ್ ನಾಯಿಯಾ?" ಎಂದು ಅವಳು ನಕ್ಕಳು. ನಾನೂ ನಕ್ಕೆ. ಬಾಯಿ ತೆಗೆಸಿ ನೋಡಲಿಲ್ಲ.

ನಮಗೆ ಅವಳೊಬ್ಬಳೇ. ಆಗ ಒಂಬತ್ತನೆಯ ತರಗತಿ. ಅವಳು ಓದುವ ಸರಕಾರಿ ಪ್ರೌಢಶಾಲೆಯಲ್ಲೇ ನಾನು ಬಿಸಿಯೂಟ ಬೇಯಿಸುತ್ತೇನೆ. ಗಂಡ ಮೀನಿನ ಲಾರಿಯ ಡ್ರೈವರ್. ಮಲ್ಪೆಯಲ್ಲಿ ಐಸ್ ಹಾಕಿದ ಪೆಟ್ಟಿಗೆಗಳನ್ನು ತುಂಬಿಸಿಕೊಂಡು ಒಮ್ಮೆ ಕೇರಳದ ಕಡೆ, ಒಮ್ಮೆ ಗೋವಾದ ಕಡೆ ಹೋಗುತ್ತಾರೆ. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ಲೆಕ್ಕದಲ್ಲಿ ಹಿಂದೆ ಎಂದು ವಾರಕ್ಕೆ ಮೂರು ದಿನ ಉಡುಪಿಗೆ ಟ್ಯೂಷನ್ನಿಗೆ ಕಳಿಸುತ್ತಿದ್ದೆವು. ಶಾಲೆ ಬಿಟ್ಟ ಕೂಡಲೇ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ವಾಪಸು ಬರುವಾಗ ದೀಪ ಹಚ್ಚುವ ಹೊತ್ತು. ಆ ದಿನಗಳಲ್ಲಿ ನನಗಿದ್ದ ಹೆದರಿಕೆಗಳು ಎರಡೇ: ಹೈವೇಯಲ್ಲಿ ಗಂಡ, ಹೈವೇ ದಾಟುವಾಗ ಮಗಳು. ಮೂರನೆಯದಕ್ಕೆ ಜಾಗ ಇಟ್ಟುಕೊಂಡಿರಲಿಲ್ಲ.

ಅದೇ ತಿಂಗಳು ಶಾಲೆಯಲ್ಲಿ ಮಾದಕ ವಸ್ತುಗಳ ವಿರುದ್ಧ ಜಾಗೃತಿ ಕಾರ್ಯಕ್ರಮವಿತ್ತು. ಒಬ್ಬರು ಪೊಲೀಸ್ ಮೇಡಂ, ಒಬ್ಬರು ಡಾಕ್ಟರ್ ಬಂದಿದ್ದರು. ಸಭೆ ನಡೆಯುವ ಹಾಲ್ ಅಡುಗೆ ಕೋಣೆಯ ಎದುರಿಗೇ ಇದ್ದುದರಿಂದ ಮೈಕಿನಲ್ಲಿ ಹೇಳಿದ್ದೆಲ್ಲ ನಮ್ಮ ಸಾಂಬಾರಿನ ಪಾತ್ರೆಗೂ ಕೇಳುತ್ತಿತ್ತು. ಗಾಂಜಾ, ಮಾತ್ರೆ, ಕೆಮ್ಮಿನ ಔಷಧ, ಅಂಟಿನ ಟ್ಯೂಬು, ಹೀಗೆ ಒಂದೊಂದೇ ಹೆಸರು. ನನ್ನ ಜೊತೆ ಅಡುಗೆ ಮಾಡುವ ಹಿರಿಯ ಅಕ್ಕ ಸೌತೆಕಾಯಿ ಕೊಚ್ಚುತ್ತ ಹೇಳಿದರು:

"ನಮ್ಮ ಕಾಲದಲ್ಲಿ ಬೀಡಿ ಒಂದು. ಹೆಚ್ಚೆಂದರೆ ಶೇಂದಿ. ಇವರು ಎಂತ ಮಾರಾಯ್ತಿ, ರೇಷನ್ ಅಂಗಡಿಯ ಬೋರ್ಡಿನ ಹಾಗೆ ಇಡೀ ಪಟ್ಟಿ ಓದ್ತಾರೆ. ಗೊತ್ತಿಲ್ಲದವರೂ ಕಲೀಬೇಕು."

"ಗೊತ್ತಿದ್ದರೆ ಒಳ್ಳೆದಲ್ವಾ ಅಕ್ಕ?"

"ಗೊತ್ತಿದ್ದರೆ ಒಳ್ಳೆದು. ನಮ್ಮ ಮಕ್ಕಳಿಗೆ ಬಿಟ್ಟು ಬೇರೆಯವರ ಮಕ್ಕಳಿಗೆ."

ಕೊನೆಗೆ ಪ್ರತಿಜ್ಞೆ. ಮುನ್ನೂರು ಮಕ್ಕಳು ಕೈ ಮುಂದೆ ಚಾಚಿ, ಎಂದೂ ಮುಟ್ಟುವುದಿಲ್ಲ, ಮುಟ್ಟುವವರ ಜೊತೆ ಸೇರುವುದಿಲ್ಲ ಎಂದು ಒಂದೇ ಸ್ವರದಲ್ಲಿ ಹೇಳಿದರು. ನಾನು ಸೌಟು ಕೆಳಗಿಟ್ಟು ಕಿಟಕಿಯಿಂದ ಮಗಳನ್ನು ಹುಡುಕಿದೆ. ಹುಡುಗಿಯರ ಸಾಲಿನಲ್ಲಿ ನಾಲ್ಕನೆಯವಳಾಗಿ ನಿಂತಿದ್ದಳು. ಕೈ ಎಲ್ಲರಿಗಿಂತ ನೆಟ್ಟಗಿತ್ತು. ಚಿತ್ರ ಬಿಡಿಸುವ ಸ್ಪರ್ಧೆಯಲ್ಲಿ ಅವಳಿಗೇ ಮೊದಲ ಬಹುಮಾನ ಬಂತು. ದಡದಲ್ಲಿ ನಿಂತು ಎಳೆಯುವ ಕೈರಂಪಣಿ ಬಲೆಯೊಳಗೆ ಮೀನುಗಳ ಬದಲು ಶಾಲಾ ಮಕ್ಕಳು ಸಿಕ್ಕಿಕೊಂಡ ಚಿತ್ರ. ಬಲೆ ಎಳೆಯುವವನ ಮುಖ ಬಿಡಿಸಿರಲಿಲ್ಲ. ಆ ಹಾಳೆಯನ್ನು ತಂದು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದೆ.

ಕಾರ್ಯಕ್ರಮದ ಮರುವಾರ ಚೀಲ ತಪಾಸಣೆ ಮಾಡಿದರು. ಹುಡುಗಿಯರ ಚೀಲ ನೋಡುವುದಕ್ಕೆ ಹೆಂಗಸರು ಬೇಕು, ಇಬ್ಬರು ಮಹಿಳಾ ಟೀಚರುಗಳಲ್ಲಿ ಒಬ್ಬರು ತರಬೇತಿಗೆ ಹೋಗಿದ್ದರು. ವಿಜ್ಞಾನದ ಟೀಚರ್ ಅಡುಗೆ ಕೋಣೆಗೆ ಬಂದು, "ಅಕ್ಕ, ಹತ್ತು ನಿಮಿಷ ಬನ್ನಿ, ಒಂದು ಕೈ ಹಿಡಿಯಿರಿ" ಎಂದು ಕರೆದರು. ಕೈ ಒರೆಸಿಕೊಂಡು ಹೋದೆ. ಚೀಲಗಳಲ್ಲಿ ಏನಿರುತ್ತದೆ? ಪುಸ್ತಕ, ಬಾಚಣಿಗೆ, ಅರ್ಧ ತಿಂದ ಚಕ್ಕುಲಿ, ಬಟ್ಟೆಯಲ್ಲಿ ಸುತ್ತಿಟ್ಟ ಪ್ಯಾಡು. ಒಂದು ಹುಡುಗಿಯ ಚೀಲದಲ್ಲಿ ಬೆಕ್ಕಿನ ಮರಿ ಇತ್ತು. ಇಡೀ ಕ್ಲಾಸು ಬಿದ್ದುಬಿದ್ದು ನಕ್ಕಿತು. ಮಗಳ ಚೀಲದ ಹತ್ತಿರ ಬಂದಾಗ ಟೀಚರ್ ಹೇಳಿದರು, "ಅವಳದ್ದು ಎಂತ ನೋಡುದು ಅಕ್ಕ, ನಿಮ್ಮ ಮಗಳಲ್ವಾ? ಚಿತ್ರದಲ್ಲಿ ಫಸ್ಟ್ ಬಂದವಳು."

ಪಕ್ಷಪಾತ ಮಾಡಿದ ಹಾಗಾಗಬಾರದು ಎಂದು ನಾನೇ ತೆರೆದೆ. ಕಂಪಾಸ್ ಪೆಟ್ಟಿಗೆಯಲ್ಲಿ ಹಳದಿ ಬಣ್ಣದ ದಪ್ಪ ಪೆನ್ನೊಂದಿತ್ತು, ಅಕ್ಷರದ ಮೇಲೆ ಗೆರೆ ಎಳೆಯುವಂಥದ್ದು. ಎತ್ತಿ ನೋಡಿದೆ. ಸ್ವಲ್ಪ ಭಾರವಿತ್ತು. ವಾಪಸು ಅದರ ಜಾಗದಲ್ಲೇ ಇಟ್ಟು, ಪೆಟ್ಟಿಗೆ ಮುಚ್ಚಿದೆ. ತಲೆಯೆತ್ತಿದಾಗ ಮಗಳು ನನ್ನನ್ನೇ ನೋಡುತ್ತಿದ್ದಳು. ಅಮ್ಮ ಚೀಲ ನೋಡಿದಳೆಂದು ನಾಚಿಕೆಯಾಗಿರಬೇಕು ಅಂದುಕೊಂಡೆ.

ಆ ತಿಂಗಳ ಕೊನೆಯ ಶನಿವಾರ ಹೆತ್ತವರ ಸಭೆ. ಹೆಡ್ ಟೀಚರ್ ಪರದೆಯ ಮೇಲೆ ಕೆಲವು ಫೋಟೋ ತೋರಿಸಿದರು. "ಇದೆಲ್ಲ ಇ-ಸಿಗರೇಟು, ನಿಷೇಧ ಆದ ವಸ್ತುಗಳು. ಆದರೂ ಮಕ್ಕಳ ಕೈಗೆ ಸಿಗ್ತಾ ಉಂಟು. ಬೆಂಕಿ ಬೇಡ, ಬೂದಿ ಇಲ್ಲ. ಒಂದು ಪೆನ್‌ಡ್ರೈವಿನ ಹಾಗೆ, ಒಂದು ಲಿಪ್‌ಸ್ಟಿಕ್ಕಿನ ಹಾಗೆ. ಹಣ್ಣಿನ ಪರಿಮಳ ಬರ್ತದೆ, ಒಳಗೆ ಇರುವುದು ಹೊಗೆಸೊಪ್ಪಿನ ವಿಷ." ಮೂರನೆಯ ಫೋಟೋದಲ್ಲಿ ಹಳದಿ ಬಣ್ಣದ ದಪ್ಪ ಪೆನ್ನು.

ನನ್ನ ಬೆರಳುಗಳಿಗೆ ಅದರ ಭಾರ ನೆನಪಾಯಿತು. ಪಕ್ಕದಲ್ಲಿ ಕುಳಿತ ಹೆಂಗಸು ಏನೋ ಕೇಳಿದಳು, ಹೂಂ ಎಂದೆ. ಸಭೆ ಮುಗಿದ ಮೇಲೆ ಹೆಡ್ ಟೀಚರ್ "ಯಾರಿಗಾದರೂ ಸಂಶಯ ಇದ್ದರೆ ಗುಟ್ಟಾಗಿ ಬಂದು ಹೇಳಿ, ಮಕ್ಕಳನ್ನು ಶಾಲೆಯಿಂದ ತೆಗೆಯುವುದಿಲ್ಲ" ಎಂದರು. ನಾನು ದಿನಾ ಆರೇಳು ಸಲ ಅವರ ಕೋಣೆಯ ಮುಂದೆ ಓಡಾಡುವವಳು. ಅಂದು ಹಿಂದಿನ ಗೇಟಿನಿಂದ ಮನೆಗೆ ಬಂದೆ.

ಮಗಳು ಸುಳ್ಳು ಹೇಳಲಿಲ್ಲ. ಅವಳ ಕಂಪಾಸ್ ಪೆಟ್ಟಿಗೆಯಿಂದ ಪೆನ್ನನ್ನು ತೆಗೆದು ಮೇಜಿನ ಮೇಲಿಟ್ಟ ಕೂಡಲೇ ಎಲ್ಲ ಹೇಳಿದಳು. ಟ್ಯೂಷನ್ನಿಗೆ ಬರುವ ದೊಡ್ಡ ಕ್ಲಾಸಿನ ಹುಡುಗಿಯೊಬ್ಬಳು ಕೊಟ್ಟದ್ದಂತೆ. ಮೊದಲು ತಮಾಷೆಗೆ. ಆಮೇಲೆ ಲೆಕ್ಕದ ಪರೀಕ್ಷೆಯ ದಿನ. ಆಮೇಲೆ ಅದಿಲ್ಲದ ದಿನ ಕೈ ನಡುಗಿದ ಹಾಗೆ, ಸಿಟ್ಟು ಬಂದ ಹಾಗೆ. "ಬಿಡ್ತೇನೆ ಅಮ್ಮ. ಅಪ್ಪನಿಗೆ ಹೇಳಬೇಡ" ಎಂದು ಅತ್ತಳು.

ನಾನು ಹೊಡೆಯಲಿಲ್ಲ. ಹೊಡೆದಿದ್ದರೂ ಅಷ್ಟು ಕೆಟ್ಟದಾಗುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಮರುದಿನ ಭಾನುವಾರ, ಅವಳನ್ನು ಕರೆದುಕೊಂಡು ಕಾರ್ಕಳದ ಕಡೆಗೆ ಬಸ್ಸು ಹತ್ತಿದೆ.

ಕಾರ್ಕಳದ ದಾರಿಯಲ್ಲಿ, ನಿಟ್ಟೆ ದಾಟಿ ಸ್ವಲ್ಪ ಮುಂದೆ ನನ್ನ ತವರಿನ ಕುಟುಂಬದ ಮನೆ. ಈಗ ಅಲ್ಲಿ ಅಣ್ಣ, ಅತ್ತಿಗೆ ಇದ್ದಾರೆ. ಅಣ್ಣ ಬೆಳಗ್ಗೆ, ಸಂಜೆ ಹಾಲಿನ ಡೈರಿಯಲ್ಲಿ ಹಾಲು ಅಳೆಯುತ್ತಾನೆ, ಉಳಿದ ಹೊತ್ತು ಮನೆಯ ದೈವಕ್ಕೆ ದೀಪ ಇಡುತ್ತಾನೆ. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಆದ್ದರಿಂದ ನನ್ನ ಮಗಳಿಗೂ ಅದೇ ದೈವ, ದೈವದ ದೀಪ ಉರಿಯುವ ಅದೇ ಚಾವಡಿ. ಎಂಥ ಜಗಳವಾದರೂ, ಕಳವಾದರೂ, ಪೊಲೀಸು-ಕೋರ್ಟಿಗಿಂತ ಮೊದಲು ನಮ್ಮವರು ಬಂದು ನಿಲ್ಲುವುದು ಆ ಚಾವಡಿಯಲ್ಲಿ. ಅಲ್ಲಿ ದೀಪದ ಮುಂದೆ ಆಡಿದ ಮಾತಿಗೆ ತಪ್ಪುವವರು ಇಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಗಟ್ಟಿಯಾದ ಔಷಧ ಲೋಕದಲ್ಲಿ ಇರಲಿಲ್ಲ.

ಅಣ್ಣನಿಗೆ ವಿಷಯ ಹೇಳಲಿಲ್ಲ. "ಅವಳಿಗೊಂದು ಪ್ರಾರ್ಥನೆ ಉಂಟು, ದೀಪ ಹಚ್ಚಿ ಕೊಡು" ಎಂದೆ. ಅವನು ಹಚ್ಚಿಟ್ಟು ಡೈರಿಗೆ ಹೋದ. ಮಗಳ ಕೈಯಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟು, ದೈವಕ್ಕೆಂದು ಇಟ್ಟ ಮರದ ಮಂಚದ ಎದುರು ನಿಲ್ಲಿಸಿ, ಒಂದೊಂದು ಮಾತನ್ನೂ ನಾನೇ ಹೇಳಿಕೊಟ್ಟೆ. ಇನ್ನು ಮುಟ್ಟುವುದಿಲ್ಲ. ಮುಟ್ಟಿದರೆ, ದಾರಿಯಲ್ಲಿರುವ ನನ್ನ ಅಪ್ಪನ ಮೇಲೆ ಆಣೆ.

ಆ ಕೊನೆಯ ಮಾತಿಗೆ ಅವಳು ವೀಳ್ಯದೆಲೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. "ಹೇಳು" ಎಂದೆ. "ಅಪ್ಪನನ್ನು ಯಾಕೆ ಅಮ್ಮ?" ಎಂದಳು. "ಹೇಳು" ಎಂದೆ ಮತ್ತೊಮ್ಮೆ. ಹೇಳಿದಳು.

ವಾಪಸು ಬರುವಾಗ ನನಗೆ ಹಸಿವಾಗಿತ್ತು. ಬೆಳ್ಮಣ್ಣಿನಲ್ಲಿ ಬಸ್ಸು ಬದಲಿಸುವ ಮೊದಲು ಹೋಟೆಲಿಗೆ ಹೋಗಿ ಇಬ್ಬರಿಗೂ ಗೋಳಿಬಜೆ ತೆಗೆದುಕೊಂಡೆ. ನಾನು ಎರಡು ಪ್ಲೇಟು ತಿಂದೆ. ಅವಳ ಪ್ಲೇಟು ಹಾಗೆಯೇ ಇತ್ತು.

ಟ್ಯೂಷನ್ ಬಿಡಿಸಲಿಲ್ಲ. ಬಿಡಿಸಿದರೆ ಗಂಡ ಕಾರಣ ಕೇಳುತ್ತಾರೆ. ಅಲ್ಲದೆ ಆಣೆಯಾಗಿದೆಯಲ್ಲ, ಇನ್ನೇನು? ಮನೆಯಲ್ಲಿ ಮಾವಿನಹಣ್ಣಿನ ವಾಸನೆ ನಿಂತಿತು. ಮಗಳು ಮಾತು ಕಡಿಮೆ ಮಾಡಿದಳು. ಹೇಳದೆಯೇ ಪಾತ್ರೆ ತೊಳೆಯುತ್ತಿದ್ದಳು. ಅಪ್ಪ ಹೊರಡುವಾಗ ಗೇಟಿನವರೆಗೆ ಹೋಗಿ ಲಾರಿ ತಿರುವು ದಾಟುವವರೆಗೆ ನಿಲ್ಲುತ್ತಿದ್ದಳು. ಮೊದಲು ಅವಳಿಗೆ ಆ ಅಭ್ಯಾಸವಿರಲಿಲ್ಲ. ದಿನಕ್ಕೆ ನಾಲ್ಕೈದು ಸಲ ನನ್ನ ಫೋನಿನಿಂದ ಅಪ್ಪನಿಗೆ ಕರೆ ಮಾಡಿ, "ಎಲ್ಲಿದ್ದೀ? ಊಟ ಆಯ್ತಾ?" ಎಂದು ಕೇಳುತ್ತಿದ್ದಳು. "ನಿನ್ನ ಮಗಳಿಗೆ ಎಂತ ಆಗಿದೆ? ಆರ್‌ಟಿಓದವರೂ ನನ್ನನ್ನು ಇಷ್ಟು ವಿಚಾರಿಸುದಿಲ್ಲ" ಎಂದು ಅವರು ನಗುತ್ತಿದ್ದರು. ಇದನ್ನೆಲ್ಲ ನಾನು ಒಳ್ಳೆಯ ಬುದ್ಧಿ ಎಂದು ತಿಳಿದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಗಂಜಿಗೆ ನೀರಿಡುವಾಗ ಫೋನು ಬಂತು. ಅಂಕೋಲೆಯ ಹತ್ತಿರ ದನವನ್ನು ತಪ್ಪಿಸಲು ಹೋಗಿ ಲಾರಿ ಚರಂಡಿಗೆ ಇಳಿದಿತ್ತು. ಜೀವಕ್ಕೆ ತೊಂದರೆ ಇಲ್ಲ, ಎಡಗೈ ಮುರಿದಿದೆ, ಪ್ಲಾಸ್ಟರ್ ಹಾಕಿ ಸಂಜೆಗೆ ಕಳಿಸುತ್ತಾರೆ ಎಂದು ಕ್ಲೀನರ್ ಹೇಳಿದ. ಫೋನು ಕಿವಿಯಲ್ಲಿರುವಾಗಲೇ ನಾನು ತಿರುಗಿ ಮಗಳನ್ನು ನೋಡಿದೆ.

ಒಂದು ಕ್ಷಣದ ನೋಟ. ಆದರೆ ಅದರಲ್ಲಿ ಏನಿತ್ತೆಂದು ನನಗೂ ಗೊತ್ತು, ಅವಳಿಗೂ ಗೊತ್ತಾಯಿತು. ಜಡೆ ಹಾಕಿಕೊಳ್ಳುತ್ತಿದ್ದವಳ ಕೈಯಿಂದ ರಿಬ್ಬನ್ನು ಬಿತ್ತು. ಆ ನೋಟವನ್ನು ವಾಪಸು ತೆಗೆದುಕೊಳ್ಳುವ ದಾರಿ ಇದ್ದಿದ್ದರೆ ಎಂದು ಈ ಹೊತ್ತಿನವರೆಗೂ ಯೋಚಿಸುತ್ತೇನೆ.

ಗಂಡ ಕುತ್ತಿಗೆಗೆ ಕೈ ನೇತುಹಾಕಿಕೊಂಡು ಮನೆಗೆ ಬಂದರು. ಅಕ್ಕಪಕ್ಕದವರು ಬಂದರು, ಹಾರ್ಲಿಕ್ಸ್ ಬಾಟಲಿಗಳು ಬಂದವು. ಮಗಳು ಮಾತ್ರ ಆ ಪ್ಲಾಸ್ಟರಿನ ಕಡೆಗೆ ಕಣ್ಣೆತ್ತಲಿಲ್ಲ. "ಬಾ ಮಗಾ, ಇದರ ಮೇಲೆ ಒಂದು ಚಿತ್ರ ಬಿಡಿಸು, ಫಸ್ಟ್ ಪ್ರೈಜ್ ಬರುವಂಥದ್ದು" ಎಂದು ಅವರು ಕರೆದರೆ ಓದಲಿಕ್ಕುಂಟು ಎಂದು ಒಳಗೆ ಹೋದಳು.

ಆರನೆಯ ದಿನ, ಬೆಳಗಿನ ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ಡಿಗೆ ಬೆಲ್ ಆಗಿತ್ತು. ನಾವು ಹಾಲು ಬಿಸಿಗಿಟ್ಟಿದ್ದೆವು. ಅವಳ ಕ್ಲಾಸ್ ಟೀಚರ್ ಬಾಗಿಲಲ್ಲಿ ನಿಂತು, "ಮಗಳಿಗೆ ಹುಷಾರಿಲ್ವಾ ಅಕ್ಕ?" ಎಂದು ಕೇಳಿದರು.

"ಯಾಕೆ?"

"ಅಲ್ಲ, ಬರಲಿಲ್ಲಲ್ಲ ಇವತ್ತು."

ನಾನು ಎಂಟೂವರೆಗೆ ಶಾಲೆಗೆ ಬರುತ್ತೇನೆ, ಅವಳು ಅರ್ಧ ಗಂಟೆ ಬಿಟ್ಟು ಹೊರಡುತ್ತಾಳೆ. ಅಂದು ನಾನು ಹೊರಡುವಾಗ ಅವಳು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. "ಜ್ವರ" ಎಂದು ಟೀಚರಿಗೆ ಸುಳ್ಳು ಹೇಳಿ, ಹಾಲಿನ ಒಲೆಯನ್ನು ಹಿರಿಯ ಅಕ್ಕನಿಗೆ ಬಿಟ್ಟು ಹೊರಟೆ. ಶಾಲೆಯಿಂದ ನಮ್ಮ ಮನೆಗೆ ಹನ್ನೆರಡು ನಿಮಿಷದ ದಾರಿ. ಎಷ್ಟರಲ್ಲಿ ಮುಟ್ಟಿದೆನೋ ಗೊತ್ತಿಲ್ಲ.

ಗಂಡ ಕೈ ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಮನೆಗೆ ಬೀಗ ಹಾಕಿತ್ತು, ಕೀಲಿ ಎಂದಿನಂತೆ ತುಳಸಿಕಟ್ಟೆಯ ಗೂಡಿನಲ್ಲಿತ್ತು. ಒಳಗೆ ಮಂಚದ ಮೇಲೆ ಇಸ್ತ್ರಿಯಾದ ಯೂನಿಫಾರ್ಮು ಮಡಚಿಟ್ಟಿತ್ತು. ಚೀಲ ಗೋಡೆಗೆ ಒರಗಿತ್ತು. ಚಪ್ಪಲಿ ಇರಲಿಲ್ಲ. ಕ್ಯಾಲೆಂಡರಿನ ಪಕ್ಕದ ಚಿತ್ರ ಇರಲಿಲ್ಲ. ನಾಲ್ಕು ಮೂಲೆಗಳ ಅಂಟು ಮಾತ್ರ ಗೋಡೆಯಲ್ಲಿತ್ತು.

ಅಂಗಳಕ್ಕೆ ಬಂದು ಬಾವಿಗೆ ಬಗ್ಗಿ ನೋಡಿದೆ. ನೀರು ಅಲ್ಲಾಡುತ್ತಿರಲಿಲ್ಲ. ಅಲ್ಲಾಡದಿದ್ದರೆ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲಿಲ್ಲ. ಕೊಡಪಾನ ಬಿಟ್ಟು ನೀರು ಕಲಕಿದೆ. ಗೇಟಿನವರೆಗೆ ಹೋಗಿ ಮತ್ತೆ ಬಂದು ನೋಡಿದೆ. ಮೂರನೆಯ ಸಲ ನೋಡುವಾಗ ನನ್ನ ಮುಖವೇ ಅಲ್ಲಿ ಕಂಡು ಚೀರಿದೆ.

ಆಮೇಲೆ ಕಡಲಿನ ಕಡೆಗೆ ಓಡಿದೆ. ದೀಪಸ್ತಂಭದ ಬಂಡೆಯ ಮೇಲೆ ಹೊರಗಿನಿಂದ ಬಂದ ನಾಲ್ಕಾರು ಜನ ಫೋಟೋ ತೆಗೆಯುತ್ತಿದ್ದರು. ಬಂಡೆಯ ಕೆಳಗೆ ನೊರೆ. ಪ್ರತಿಯೊಂದು ಸಂದಿಯಲ್ಲಿ ಇಣುಕಿದೆ. ಮರಳಿನಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕೂಗಿದಳು: "ಎಂತ ಅಕ್ಕ, ಶಾಲೆ ಬಿಟ್ಟು ಹೀಗೆ ಓಡುದು? ಎಂತ ಹುಡುಕ್ತೀರಿ?"

ಬಾಯಿಗೆ ಮಗಳ ಹೆಸರು ಬಂತು. ಹೇಳಿದರೆ ನಿಜವಾಗುತ್ತದೆ ಎಂದು ಹೆದರಿ, "ಬೆಕ್ಕು" ಎಂದೆ. "ನಮ್ಮ ಬೆಕ್ಕು ತಪ್ಪಿಸಿಕೊಂಡಿದೆ."

"ಬೆಕ್ಕಾ? ಮೀನು ಇಲ್ಲಿ ಉಂಟಲ್ಲ, ಬರ್ತದೆ ಬಿಡಿ" ಎಂದು ಎಲ್ಲರೂ ನಕ್ಕರು. ಅವರ ಎದುರು ನಾನೂ ಹಲ್ಲು ತೋರಿಸಿದೆ.

ಮರಳಿನಲ್ಲಿ ಕುಳಿತಿದ್ದಾಗ ಫೋನು ಹೊಡೆದುಕೊಂಡಿತು. ಅಣ್ಣ. ಅವನು ಆ ಹೊತ್ತಿನಲ್ಲಿ ಎಂದೂ ಫೋನು ಮಾಡುವವನಲ್ಲ.

"ಹೆದರಬೇಡ. ಅವಳು ಇಲ್ಲಿದ್ದಾಳೆ" ಎಂದ. "ಬೆಳ್ಮಣ್ಣಿನಲ್ಲಿ ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಾಳೆ. ಚಾವಡಿಯಲ್ಲಿ ಕೂತಿದ್ದಾಳೆ, ಏಳುದಿಲ್ಲ. ನಿನ್ನ ಅತ್ತಿಗೆ ಕೊಟ್ಟ ನೀರು ಕೂಡ ಕುಡಿಯುದಿಲ್ಲ. ಎಂತ ಮಾಡಿದ್ದೀ ಮಾರಾಯ್ತಿ ನೀನು ಇವಳಿಗೆ?"

ನಾನು ತವರಿಗೆ ಮುಟ್ಟುವಾಗ ಹನ್ನೆರಡು ಗಂಟೆ. ಮಗಳು ದೈವದ ಮಂಚದ ಎದುರು ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು. ಮುಂದೆ ಆ ಚಿತ್ರವನ್ನು ಹರಡಿ ಇಟ್ಟಿದ್ದಳು. ಬಲೆ ಎಳೆಯುವವನಿಗೆ ಈಗ ಮುಖವಿತ್ತು. ಎರಡು ಜಡೆ, ರಿಬ್ಬನ್ನು. ಅವಳದೇ ಮುಖ.

"ಮೂರು ಸಲ ಅಮ್ಮ" ಎಂದಳು, ನನ್ನನ್ನು ನೋಡದೆ. "ಇಲ್ಲಿ ಹೇಳಿದ ಮೇಲೆ ಮೂರು ಸಲ. ಟ್ಯೂಷನ್ನಿನ ಬಾತ್‌ರೂಮಿನಲ್ಲಿ, ಆ ಅಕ್ಕನದ್ದು. ಎರಡನೇ ಸಲದ ಮರುದಿನ ಅಪ್ಪನ ಲಾರಿ ಬಿತ್ತು. ಅದಾದ ಮೇಲೂ ಒಂದು ಸಲ. ಹೆದರಿಕೆ ತಡೀಲಿಕ್ಕೆ ಆಗದೆ ಅದನ್ನೇ ಎಳೆದೆ. ಮುಂದಿನ ಸಲ ಕೈ ಅಲ್ಲ, ಅಪ್ಪ ಹೋಗ್ತಾನೆ. ಅದಕ್ಕೆ ಕೇಳ್ಲಿಕ್ಕೆ ಬಂದೆ, ಅಪ್ಪನ ಮೇಲೆ ಇರುದನ್ನು ತೆಗೆದು ನನ್ನ ಮೇಲೆ ಹಾಕ್ಲಿಕ್ಕೆ ಆಗ್ತದಾ ಅಂತ."

"ನನ್ನ ಹತ್ತಿರ ಹೇಳಬಹುದಿತ್ತಲ್ಲ?"

"ಹೇಗೆ ಹೇಳುದು? ಹೇಳಿದರೆ ಅಪ್ಪನನ್ನು ಕೊಂದೆ ಅಂತ ಹೇಳಿದ ಹಾಗಲ್ವಾ?"

ಅಣ್ಣನಿಗೆ ಅಲ್ಲಿಯೇ ಎಲ್ಲವೂ ಗೊತ್ತಾದದ್ದು. ಅವನು ಬಾಗಿಲ ದಾರಂದಕ್ಕೆ ಒರಗಿ ನಿಂತು ಕೇಳಿದ. ನನಗೆ ಬೈಯುತ್ತಾನೆ ಅಂದುಕೊಂಡೆ. ಅವನು ಮಗಳ ಹತ್ತಿರ ಬಂದು ನೆಲದ ಮೇಲೆ ಕುಳಿತ.

"ಇಲ್ಲಿ ನೋಡು ಮಗಾ. ಮೂವತ್ತು ವರ್ಷದಿಂದ ನಾನು ಇವರಿಗೆ ದೀಪ ಇಡ್ತೇನೆ. ನನಗೆ ಗೊತ್ತಿದ್ದ ಹಾಗೆ ನಮ್ಮ ದೈವ ಇರುವುದು ನಮ್ಮನ್ನು ಕಾಯ್ಲಿಕ್ಕೆ. ಅಂಕೋಲೆಗೆ ಹೋಗಿ ಲಾರಿಯ ಎದುರು ದನ ಅಟ್ಟಲಿಕ್ಕೆ ಅಲ್ಲ."

ಮಗಳು ಮೊದಲ ಸಲ ತಲೆಯೆತ್ತಿದಳು. "ಆದರೆ ಅಮ್ಮ ನಂಬ್ತಾಳೆ, ಮಾಮ" ಎಂದಳು. "ಫೋನು ಬಂದಾಗ ನನ್ನನ್ನು ನೋಡಿದಳು."

ಅಣ್ಣ ನನ್ನ ಕಡೆಗೆ ತಿರುಗಿದ. ನಾನು ಇಲ್ಲ ಎನ್ನಬಹುದಿತ್ತು. ಆ ಚಾವಡಿಯಲ್ಲಿ ಇಲ್ಲ ಎನ್ನಲು ನಾಲಗೆ ಏಳಲಿಲ್ಲ.

ದೈವದ ಎದುರು ತಪ್ಪಿ ನಡೆದರೆ ತಪ್ಪುಕಾಣಿಕೆ ಇಡುವುದು ನಮ್ಮಲ್ಲಿ ವಾಡಿಕೆ. ತಪ್ಪಾಯಿತು ಎಂದು ಎಲ್ಲರೆದುರು ಹೇಳಿ, ಮಂಚದ ಮುಂದೆ ಕಾಣಿಕೆ ಇಟ್ಟು, ಆ ಮಾತನ್ನು ಅಲ್ಲಿಗೆ ಬಿಡುವುದು. ಅತ್ತಿಗೆ ಮಗಳ ಕೈಗೆ ವೀಳ್ಯದೆಲೆ ಕೊಡಲು ಹೋದಳು. "ಅವಳಿಗಲ್ಲ, ನನಗೆ ಕೊಡಿ" ಎಂದೆ. ಬಾವಿಯ ನೀರಿನಲ್ಲಿ ಕೈಕಾಲು ತೊಳೆದು ಬಂದು ನಿಂತೆ. ಬೆಳಗಿನಿಂದ ಓಡಿ ಸೀರೆಯ ಅಂಚಿನಲ್ಲಿ ಮರಳು ಹಿಡಿದಿತ್ತು. ಎಳೆಯ ಬಾಲೆಯ ಬಾಯಿಂದ ಹೇಳಿಸಬಾರದ್ದನ್ನು ಹೇಳಿಸಿದೆ, ತಪ್ಪಿದವಳು ನಾನು, ಆ ಮಾತು ಅವಳ ಮೇಲೂ ಇಲ್ಲ, ಅವಳ ಅಪ್ಪನ ಮೇಲೂ ಇಲ್ಲ ಎಂದು ಹೇಳಿದೆ. ಜೋರಾಗಿಯೇ ಹೇಳಿದೆ, ಅವಳಿಗೆ ಕೇಳುವ ಹಾಗೆ. ಅಣ್ಣ "ಆಯ್ತು" ಎಂದು ದೀಪದ ಬತ್ತಿ ಸರಿಮಾಡಿದ. ಮಗಳು ಎರಡು ಲೋಟ ನೀರು ಕುಡಿದು, ಅಲ್ಲಿಯೇ ನನ್ನ ತೊಡೆಯ ಮೇಲೆ ಮಲಗಿ ನಿದ್ದೆಹೋದಳು.

ಹೆದರಿಕೆ ನನ್ನನ್ನು ಬಿಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗಲೂ ಎದುರಿಗೆ ಲಾರಿ ಬಂದರೆ ಕಣ್ಣು ಮುಚ್ಚುತ್ತಿದ್ದೆ.

ಗಂಡನಿಗೆ ಸಂಜೆ ಎಲ್ಲವನ್ನೂ ಹೇಳಿದೆ. ಅವರು ಪ್ಲಾಸ್ಟರಿನ ಅಂಚನ್ನು ಕೆರೆಯುತ್ತ ಕೇಳಿಸಿಕೊಂಡರು. "ನನ್ನ ಮೇಲೆ ಆಣೆ ಹಾಕುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ?" ಎಂದರು. ಆಮೇಲೆ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅಂಗಿಯ ಕಿಸೆಯಿಂದ ಗುಟ್ಕಾದ ಪ್ಯಾಕೆಟು ತೆಗೆದು ತೋರಿಸಿದರು. "ನಿದ್ದೆ ಬಾರದ ಹಾಗೆ ಅಂತ ಶುರು ಮಾಡಿದ್ದು. ಎಷ್ಟು ಸಲ ಬಿಟ್ಟಿದ್ದೇನೆ ಗೊತ್ತುಂಟಾ? ಲೆಕ್ಕ ಇಲ್ಲ. ನನ್ನನ್ನು ನೋಡಿ ಕಲೀಬೇಡ ಮಗಾ. ಆದರೆ ಕಷ್ಟ ಅಂತ ನನಗೆ ಗೊತ್ತುಂಟು." ಮಗಳು ಆ ರಾತ್ರಿ ಪ್ಲಾಸ್ಟರಿನ ಮೇಲೆ ಒಂದು ದನದ ಚಿತ್ರ ಬಿಡಿಸಿದಳು.

ಮರುದಿನ ಹೆಡ್ ಟೀಚರಿನ ಕೋಣೆಗೆ ಹೋದೆ, ಮುಂದಿನ ಬಾಗಿಲಿನಿಂದಲೇ. ಅವರು ಹೇಳಿದ ಮಾತಿಗೆ ನಿಂತರು. ಮಗಳನ್ನು ತೆಗೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ಮಕ್ಕಳ ಜೊತೆ ಮಾತಾಡುವ ಒಬ್ಬರು ಮೇಡಂ ಇದ್ದಾರೆಂದು ಚೀಟಿ ಬರೆದುಕೊಟ್ಟರು. ಟ್ಯೂಷನ್ ನಿಲ್ಲಿಸಿದೆವು. ಲೆಕ್ಕವನ್ನು ವಿಜ್ಞಾನದ ಟೀಚರೇ ಶಾಲೆ ಬಿಟ್ಟ ಮೇಲೆ ಹೇಳಿಕೊಡುತ್ತೇನೆ ಎಂದರು.

ಮಣಿಪಾಲದಲ್ಲಿ ಆ ಮೇಡಂ ನನ್ನನ್ನು ಹೊರಗೆ ಕೂರಿಸಿ ಮಗಳೊಬ್ಬಳನ್ನೇ ಒಳಗೆ ಕರೆದರು. ಮುಚ್ಚಿದ ಬಾಗಿಲಿನ ಎದುರು ಮುಕ್ಕಾಲು ಗಂಟೆ. ನನಗೆ ಹೇಳದ ಏನೇನನ್ನು ಅವಳು ಅಲ್ಲಿ ಹೇಳುತ್ತಿರಬಹುದೆಂದು ಯೋಚಿಸುತ್ತ ಕುಳಿತೆ. ಕೊನೆಗೆ ನನ್ನನ್ನು ಕರೆದು ಹೇಳಿದರು: "ಮತ್ತೊಂದು ಸಲ ಆಗಬಹುದಮ್ಮ. ಎರಡು ಸಲವೂ ಆಗಬಹುದು. ಆದಾಗ ಅವಳು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ತಾಳಾ, ನಿಮ್ಮ ಹತ್ತಿರ ಬರ್ತಾಳಾ, ಅದನ್ನು ನೋಡಿ. ಬಂದರೆ ಏನು ಮಾಡ್ತೀರಿ?"

"ಕೂರಿಸ್ತೇನೆ" ಎಂದೆ.

"ಅಷ್ಟು ಸಾಕು" ಎಂದರು.

ಡಿಸೆಂಬರಿನಲ್ಲಿ ಶಾಲೆಯಲ್ಲಿ ಮತ್ತೊಮ್ಮೆ ಪ್ರತಿಜ್ಞೆ ಇಟ್ಟರು. ಅದರ ಹಿಂದಿನ ದಿನ ನಾನು ಹೆಡ್ ಟೀಚರನ್ನು ಕೇಳಿದೆ, ಮುಟ್ಟುವುದಿಲ್ಲ ಎಂದ ಮೇಲೆ, ಮುಟ್ಟಿಬಿಟ್ಟರೆ ಬಂದು ಹೇಳುತ್ತೇನೆ ಎಂದು ಒಂದು ಸಾಲು ಸೇರಿಸಲಿಕ್ಕಾಗುತ್ತದಾ ಎಂದು. "ಅದರ ಮಾತೆಲ್ಲ ಮೇಲಿನಿಂದ ಬರುವುದು ಅಕ್ಕ, ನಾವು ಬದಲಿಸುವ ಹಾಗಿಲ್ಲ" ಎಂದರು. ಆದರೆ ಮಕ್ಕಳು ಕೈ ಇಳಿಸಿದ ಮೇಲೆ ಮೈಕು ತೆಗೆದುಕೊಂಡು, "ತಪ್ಪಿ ಮುಟ್ಟಿದವರು ನನ್ನ ಕೋಣೆಗೆ ಬನ್ನಿ, ಬಾಗಿಲು ತೆರೆದಿರ್ತದೆ" ಎಂದು ಹೇಳಿದರು. ಊಟದ ಹೊತ್ತಾಗಿತ್ತು, ಮಕ್ಕಳು ತಟ್ಟೆ ಬಡಿಯುತ್ತಿದ್ದರು. ಯಾರು ಕೇಳಿಸಿಕೊಂಡರೋ ತಿಳಿಯದು.

ಫೆಬ್ರವರಿಯಲ್ಲಿ ಗಂಡ ಮತ್ತೆ ಲಾರಿ ಹತ್ತಿದರು. ಅವರು ಗೋವಾದ ದಾರಿಯಲ್ಲಿದ್ದ ಒಂದು ಸಂಜೆ ನಾನು ಅಡುಗೆಮನೆಯ ಹಿಂದೆ ಬಂಗುಡೆ ಶುಚಿ ಮಾಡುತ್ತಿದ್ದೆ. ಮಗಳು ಬಂದು ಬಾಗಿಲಲ್ಲಿ ನಿಂತಳು. ಚೀಲ ಇನ್ನೂ ಹೆಗಲಲ್ಲೇ ಇತ್ತು. ಅವಳು ಬಾಯಿ ತೆರೆಯುವ ಮೊದಲೇ ನನ್ನ ಮೂಗಿಗೆ ಗೊತ್ತಾಯಿತು. ಈ ಸಲ ಮಾವು ಅಲ್ಲ, ಬೇರೆ ಯಾವುದೋ ಹಣ್ಣು.

"ಅಮ್ಮ" ಎಂದಳು. "ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಆ ಟ್ಯೂಷನ್ನಿನ ಅಕ್ಕ ಸಿಕ್ಕಿದಳು. ಒಂದು ಸಲ."

ಫೋನು ಕೈಗೆ ಸಿಗುವಷ್ಟು ದೂರದಲ್ಲಿ, ಕಿಟಕಿಯ ದಂಡೆಯ ಮೇಲಿತ್ತು. ಗಂಡ ಮಧ್ಯಾಹ್ನದಿಂದ ಕರೆ ಮಾಡಿರಲಿಲ್ಲ. ನನ್ನ ಕುತ್ತಿಗೆ ತನ್ನಷ್ಟಕ್ಕೆ ಆ ಕಡೆಗೆ ತಿರುಗಲು ಹೊರಟಿತು. ಅವಳು ನೋಡುತ್ತಿದ್ದಳು, ನಾನು ಎತ್ತ ನೋಡುತ್ತೇನೆ ಎಂದು.

ಕತ್ತಿಯನ್ನೂ ಮೀನನ್ನೂ ಕೆಳಗಿಟ್ಟೆ. ಅವಳ ಮುಖವನ್ನೇ ನೋಡಿದೆ.

"ಬಾ, ಕೂತುಕೋ" ಎಂದೆ. "ಚೀಲ ಇಳಿಸು. ಬೆಳ್ಳುಳ್ಳಿ ಸುಲಿಯುತ್ತಾ ಹೇಳು."

ಅವಳು ಮಣೆ ಎಳೆದುಕೊಂಡು ನನ್ನ ಎದುರಿಗೆ ಕುಳಿತು ಹೇಳತೊಡಗಿದಳು. ಬೆನ್ನ ಹಿಂದೆ ಹೈವೇಯ ಕಡೆಯಿಂದ ಯಾವುದೋ ಲಾರಿಯ ಹಾರ್ನ್ ಕೇಳಿಸಿತು. ನಾನು ತಿರುಗಲಿಲ್ಲ.